ಹಿಡಿಕೆಯ ಎಂಟು ಮುಖ

ಗೌತಮಿಯ ಬಲ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿಯನ್ನು ಕೋಚ್ ದಾದಾಪೀರ್ ಮೊದಲು ಕಂಡದ್ದು ಅವಳ ನೆರಳಿನಲ್ಲಿ. ಕಂಟೋನ್ಮೆಂಟಿನ ಬೇವಿನ ಮರಗಳ ಸಂದಿಯಿಂದ ಬಿದ್ದ ಎಳೆಬಿಸಿಲು ಟೆನಿಸ್ ಕೋರ್ಟಿನ ಕೆಂಪು ಮಣ್ಣಿನ ಮೇಲೆ ಆ ಹುಡುಗಿಯನ್ನು ಉದ್ದಕ್ಕೆ ಚಾಚಿ ಮಲಗಿಸಿತ್ತು. ದಿನಾ ರಾಕೆಟ್ಟಿನ ನೆರಳು ಹೊರಡುತ್ತಿದ್ದ ಜಾಗದಲ್ಲಿ ಇವತ್ತು ದಪ್ಪನೆಯ ಒಂದು ಗಂಟು ಮಾತ್ರ ಇತ್ತು. ಅವನು ಸುಣ್ಣದ ಡಬ್ಬಿ ಹಿಡಿದು ಗೆರೆ ಎಳೆಯುತ್ತಿದ್ದ. ಗೆರೆ ಮುಗಿಯುವ ತನಕ ತಲೆ ಎತ್ತಬಾರದು ಎನ್ನುವುದು ಇಪ್ಪತ್ತೈದು ವರ್ಷಗಳಿಂದ ಅವನೇ ಮಾಡಿಕೊಂಡ ನೇಮ. ಈ ಹೊತ್ತು ಆ ನೇಮ ಇದ್ದದ್ದು ಒಳ್ಳೆಯದೇ ಆಯಿತು ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಗಿ, ಗೆರೆ ಒಂದು ಕಡೆ ಸ್ವಲ್ಪ ಅಡ್ಡ ಹೋಯಿತು.

ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಅವಳ ತಂದೆ ಭೀಮರಾಜ ಒಳಗೆ ಬಂದ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್. ಯಾರ ಮೇಲೂ ದನಿ ಎತ್ತದ ಮನುಷ್ಯ. ಸ್ಕೂಟರಿನ ಮುಂದೆ ಅಂಟಿಸಿದ ಪುಟ್ಟ ಬುದ್ಧನ ಚಿತ್ರದ ಹಾಗೆಯೇ ಅವನ ಮುಖದಲ್ಲೂ ಸದಾ ಒಂದು ಅರ್ಧ ನಗೆ ಇರುತ್ತಿತ್ತು. ಅದೇ ದಾದಾಪೀರನಿಗೆ ಭಯ. ಡಾಕ್ಟರು ಮೂರು ವಾರ ರಾಕೆಟ್ ಮುಟ್ಟಬಾರದೆಂದು ಹೇಳಿದ್ದಾರೆ, ಸ್ನಾಯು ಊದಿಕೊಂಡಿದೆ, ಹೀಗೇ ಆಡಿದರೆ ಮುಂದೆ ಪೆನ್ನು ಹಿಡಿಯುವುದೂ ಕಷ್ಟ ಅಂದಿದ್ದಾರೆ ಎಂದು ವರದಿ ಒಪ್ಪಿಸುವವನಂತೆ ಹೇಳಿದ. ಆಮೇಲೆ ತಡೆದು, ಮಗು ರಾಕೆಟ್ಟನ್ನು ಹೇಗೆ ಹಿಡಿಯುತ್ತಾಳೆ ಎಂದು ಡಾಕ್ಟರು ಕೇಳಿದರು, ತನಗೆ ಗೊತ್ತಾಗಲಿಲ್ಲ, ಒಂದು ಸಲ ತೋರಿಸುತ್ತೀರಾ ಎಂದ. ದಾದಾಪೀರ್ ಬಾಯಿ ತೆರೆಯುವ ಮೊದಲೇ ಗೌತಮಿ ನಡುವೆ ಬಂದಳು.

"ಅಪ್ಪಾಜಿ, ಅದು ನೀರಿನ ಕ್ಯಾನ್ ಎತ್ತುವಾಗ ಉಳುಕಿದ್ದು. ಸಾರ್ ಹೇಳಿದಂಗ ಹಿಡಿದಿದ್ರ ಏನೂ ಆಗ್ತಿದ್ದಿಲ್ಲ."

ಹದಿನಾಲ್ಕು ವರ್ಷದ ಹುಡುಗಿ ತನ್ನ ಗುರುವನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಇಲ್ಲ, ಅದೂ ಅಲ್ಲ. ಅವಳು ಅದನ್ನು ಅರ್ಧ ನಂಬಿಯೂ ಇದ್ದಾಳೆ, ತಪ್ಪು ತನ್ನ ಕೈಯದೇ ಎಂದು. ಭೀಮರಾಜ ಮಗಳ ತಲೆ ಸವರಿ, ಎಲ್ಲರ ಕೈ ಒಂದೇ ಥರ ಇರುವುದಿಲ್ಲವಲ್ಲ, ಇವಳದು ಈ ಆಟಕ್ಕೆ ಒಗ್ಗುವ ಕೈ ಅಲ್ಲವೇನೋ, ಮುಂದಿನ ವರ್ಷ ಹತ್ತನೇ ಕ್ಲಾಸು ಬೇರೆ, ಇನ್ನು ಬಿಡಿಸಿಬಿಡುತ್ತೇನೆ ಎಂದ. ಇಷ್ಟು ದಿನ ಕಲಿಸಿದ್ದಕ್ಕೆ ಕೈ ಮುಗಿದ. ದಾದಾಪೀರ್ "ಹೂಂ" ಎಂದ. ಅಷ್ಟೇ ಎಂದ. ಸ್ಕೂಟರಿನ ಸದ್ದು ಬೇವಿನ ಮರಗಳಾಚೆ ಕರಗಿದ ಮೇಲೂ ಆ ಹೂಂ ಮಾತ್ರ ಕೋರ್ಟಿನ ನಡುವೆ ನಿಂತಿತ್ತು. ಬೆಂಚಿನ ಮೇಲೆ ಅವಳ ರಾಕೆಟ್ ಉಳಿದಿತ್ತು. ಬಿಟ್ಟುಹೋದದ್ದೋ, ಬೇಡವೆಂದು ಇಟ್ಟುಹೋದದ್ದೋ.

ಅವನು ರಾಕೆಟ್ ಎತ್ತಿಕೊಂಡ. ಕೈ ತಾನಾಗಿ ಮೂರನೆಯ ಮುಖದ ಮೇಲೆ ಕೂತಿತು. ಹಿಡಿಕೆಗೆ ಎಂಟು ಮುಖ. ಮೊದಲ ದಿನ ಎಲ್ಲ ಮಕ್ಕಳಿಗೂ ಅವನು ಅದನ್ನೇ ಎಣಿಸಿ ತೋರಿಸುತ್ತಾನೆ. ತೋರುಬೆರಳಿನ ಬುಡದ ಗೆಣ್ಣು ಮೂರನೆಯ ಮುಖದ ಮೇಲೆ ಬರಬೇಕು, ಕಿರುಬೆರಳು ಕೆಳಗಿನ ಅಂಚಿಗೆ ಕಚ್ಚಿಕೊಳ್ಳಬೇಕು, ಹೆಬ್ಬೆರಳು ಮೇಲೆ ಮುಚ್ಚಬೇಕು. ಒಮ್ಮೆ ಹಿಡಿದ ಮೇಲೆ ಬದಲಿಸಬಾರದು. ಚೆಂಡು ಬಲಕ್ಕೆ ಬರಲಿ ಎಡಕ್ಕೆ ಬರಲಿ, ಹಿಡಿತ ಅದೇ. ಕೈ ಜಾರುವ ಮಕ್ಕಳಿಗೆ ಒಂದು ಹಸಿರು ಬಟ್ಟೆಯ ಪಟ್ಟಿಯಿಂದ ಅಂಗೈಯನ್ನು ಹಿಡಿಕೆಗೆ ಸೇರಿಸಿ ಕಟ್ಟಿಬಿಡುತ್ತಿದ್ದ. ವಾರದ ಕೊನೆಗೆ ಪಟ್ಟಿ ಬಿಚ್ಚಿ ಎದುರಿಗೆ ನಿಂತು ಹಠಾತ್ತನೆ ರಾಕೆಟ್ ಎಳೆಯುತ್ತಿದ್ದ. ಬಿಟ್ಟುಕೊಟ್ಟವರು ಕೋರ್ಟಿನ ಸುತ್ತ ಹತ್ತು ಸುತ್ತು ಓಡಬೇಕು. ಹೊಸ ಕೋಚ್‌ಗಳು ಹಾಗೆ ಕಲಿಸುವುದಿಲ್ಲವೆಂದು ಅವನಿಗೆ ಗೊತ್ತು. ಟೀವಿಯಲ್ಲಿ ಆಡುವವರು ಎರಡು ಹೊಡೆತಗಳ ನಡುವೆ ಎಡಗೈಯಲ್ಲಿ ರಾಕೆಟ್ಟಿನ ಕೊರಳನ್ನು ಆನಿಸಿಕೊಂಡು, ಬಲಗೈ ಸಡಿಲ ಬಿಟ್ಟು, ಹಿಡಿಕೆಯನ್ನು ತಿರುಗಿಸಿಕೊಳ್ಳುವುದನ್ನು ಕಂಡಿದ್ದಾನೆ. ಕಂಡಾಗಲೆಲ್ಲ ಕಣ್ಣು ಬೇರೆ ಕಡೆ ಹೊರಳಿಸಿದ್ದಾನೆ. ಯಾರಾದರೂ ಕೇಳಿದರೆ, ಈ ಕ್ಲಬ್ಬಿನ ಹಳೆಯ ಸಾಹೇಬರೆಲ್ಲ ಒಂದೇ ಹಿಡಿತದಲ್ಲಿ ಜೀವಮಾನ ಪೂರ್ತಿ ಆಡಿದರಲ್ಲ ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಆದರೆ ಆ ಸಾಹೇಬರು ಸಂಜೆ ಬೆವರು ಬರುವಷ್ಟು ಆಡಿ ಚಹಾ ಕುಡಿಯುವವರು; ಈ ಮಕ್ಕಳಂತೆ ದಿನಕ್ಕೆ ನಾನೂರು ಚೆಂಡು ಹೊಡೆದವರಲ್ಲ.

ಉಳಿದವರಿಗೆ ಒಂದು ವಾರ ಕಟ್ಟಿದ ಪಟ್ಟಿಯನ್ನು ಗೌತಮಿಗೆ ಒಂದು ತಿಂಗಳು ಕಟ್ಟಿದ್ದ.

ಯಾಕೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಮೂರು ವರ್ಷದ ಹಿಂದೆ ಮಗಳನ್ನು ಸೇರಿಸಲು ಬಂದ ದಿನ ಭೀಮರಾಜ ತನ್ನ ಊರು ಕುರುಗೋಡು ಎಂದಿದ್ದ. ಯಾರ ಮನೆ ಎಂದು ದಾದಾಪೀರ್ ಕೇಳಿದ್ದಕ್ಕೆ, ಹಲಗೆ ಬಾರಿಸುವ ಸುಂಕಪ್ಪನ ಮಗ ಎಂದು ಹೆಮ್ಮೆಯಿಂದಲೇ ಹೇಳಿದ್ದ. ತಾನೂ ಕುರುಗೋಡಿನವನೇ, ಮೊಹರಂನಲ್ಲಿ ಪೀರಲ ದೇವರು ಹಿಡಿಯುವ ಉಸ್ಮಾನಸಾಬನ ಮಗ ಎಂದು ದಾದಾಪೀರ್ ಹೇಳಬಹುದಿತ್ತು. ಹೇಳಲಿಲ್ಲ. ಈತನಿಗೆ ಆ ಹಳೆಯ ಸಂಗತಿ ಗೊತ್ತಿದೆಯೋ ಇಲ್ಲವೋ, ಸುಂಕಪ್ಪ ಸಾಯುವ ಮೊದಲು ಮನೆಯಲ್ಲಿ ಹೇಳಿರಬಹುದೋ, ಆ ಅರ್ಧ ನಗೆ ಅದರದೇ ಇರಬಹುದೋ ಎಂದು ಮೂರು ವರ್ಷ ಆ ಮುಖವನ್ನು ಓದುತ್ತ ಬಂದಿದ್ದ. ಓದಲು ಆಗದ ಸಿಟ್ಟನ್ನು ಹುಡುಗಿಯ ಬೆರಳುಗಳಿಗೆ ಕಟ್ಟಿದ್ದ. ಅವಳ ಬೆರಳುಗಳು ಸುಂಕಪ್ಪನವೇ: ಉದ್ದ, ತುದಿ ಚಪ್ಪಟೆ.

ಮನೆಗೆ ಹೋಗಲಿಲ್ಲ. ಹೆಂಡತಿ ಫರ್ಜಾನಾಗೆ ಫೋನ್ ಮಾಡಿ ಸಿರುಗುಪ್ಪಕ್ಕೆ ಹೋಗಿ ಬರುತ್ತೇನೆ ಎಂದ. ಅಲ್ಲೇನು ಕೆಲಸ ಎಂದು ಅವಳು ಕೇಳಿದಾಗ, ಅಂಜನಾಳನ್ನು ನೋಡಬೇಕು ಎಂದ. ಫರ್ಜಾನಾ, ಹತ್ತು ವರ್ಷ ಆದ ಮೇಲೆ ನೆನಪಾಯಿತೇನು ಎಂದಳು. ಅಂಜನಾ ಅವನ ಕೈಯಲ್ಲಿ ಬೆಳೆದ ಎಲ್ಲರಿಗಿಂತ ಚುರುಕಿನ ಹುಡುಗಿ. ರಾಜ್ಯ ಮಟ್ಟದ ಆಯ್ಕೆಗೆ ಎರಡು ತಿಂಗಳಿರುವಾಗ ಮಣಿಕಟ್ಟು ಕೈಕೊಟ್ಟಿತು. ಅವಳ ಶ್ರದ್ಧೆ ಸಾಲದೆಂದು ಅವನು ಎಲ್ಲರೆದುರು ಅಂದಿದ್ದ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಗೌತಮಿಯ ರಾಕೆಟ್ಟನ್ನು ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಕಂಬಿ ಹಿಡಿದು ನಿಂತ. ಊರು ದಾಟಿದ ಮೇಲೆ ಕಾಲುವೆ ನೀರಿನ ಗದ್ದೆಗಳು ಶುರುವಾದವು. ನಾಟಿ ಆಗಿ ತಿಂಗಳಾದ ಭತ್ತದ ಹಸಿರು, ಹಸಿರು ಬಟ್ಟೆಯಂತೆ ಕಣ್ಣಿಗೆ ಅಂಟುತ್ತಿತ್ತು. ಕಂಡಕ್ಟರ್ ಎರಡು ಸಲ ಸರಿಯಲು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಅವನ ಮುಷ್ಟಿಯ ಮೇಲೆ ಟಿಕೆಟ್ ಮಿಷನ್ನಿನಿಂದ ಮೆತ್ತಗೆ ತಟ್ಟಿ, "ಹಿರ್ಯಾರ, ನೀವು ಬಿಟ್ರ ಬಸ್ಸೇನು ಬಿದ್ದು ಹೋಗಂಗಿಲ್ಲ, ಸ್ವಲ್ಪ ಕೈ ತೆಗಿರಿ, ಮಂದಿ ದಾಟಲಿ" ಎಂದ. ಸುತ್ತಲಿದ್ದವರು ನಕ್ಕರು. ಅವನೂ ನಗಲು ನೋಡಿದ. ಕೈ ತೆಗೆಯಬೇಕೆಂದುಕೊಂಡ, ಬೆರಳುಗಳು ಒಂದು ಕ್ಷಣ ಮಾತು ಕೇಳಲಿಲ್ಲ. ಅಷ್ಟರಲ್ಲಿ ಕಿಟಕಿಯಾಚೆ ಕುರುಗೋಡಿನ ಕಡೆ ತಿರುಗುವ ರಸ್ತೆ ಬಂತು, ಹೋಯಿತು.

ಆಗ ಅವನಿಗೆ ಹತ್ತೊಂಬತ್ತು. ಮೊಹರಂ ಹತ್ತನೆಯ ದಿನದ ಮಧ್ಯಾಹ್ನ, ದೇವರು ಹೊಳೆಗೆ ಹೋಗುವ ಹೊತ್ತು. ಅಪ್ಪನಿಗೆ ಜ್ವರ. ಬೆಳ್ಳಿಯ ಪಂಜಾ ಕೂರಿಸಿದ ಕೋಲನ್ನು, ಆ ಐದು ಬೆರಳಿನ ಕೈಯನ್ನು, ಮೊದಲ ಸಲ ಮಗನ ಕೈಗೆ ಕೊಟ್ಟು, ಕೋಲಿಗೂ ಮಣಿಕಟ್ಟಿಗೂ ಹಸಿರು ಬಟ್ಟೆ ಸುತ್ತುತ್ತ ಹೇಳಿದ್ದ: "ಲೇ ದಾದಾ, ಒಮ್ಮಿ ಹಿಡಿದ ಮ್ಯಾಲ ಕೈ ಬದಲು ಮಾಡಬ್ಯಾಡ. ಹೊಳಿ ಮುಟ್ಟೋ ತನಕ ಅದು ನಿನ್ನ ಕೈ ಅಲ್ಲ." ಮುಂದೆ ಸುಂಕಪ್ಪನ ಹಲಗೆ, ಹಿಂದೆ ಅಪ್ಪನ ಪದ. ಜ್ವರದಲ್ಲೂ ಅಪ್ಪನ ದನಿ ನಡುಗಲಿಲ್ಲ. ಯುದ್ಧದ ನಡುವೆ ನೀರು ತರಲು ಹೋದ ನಿಶಾನಿಯವನ, ಬಾವುಟ ಹಿಡಿದವನ, ಪದ ಅದು. ದಾದಾಪೀರ್ ಮಾತು ಕಲಿಯುವ ಮೊದಲೇ ಕೇಳಿ ಬೆಳೆದದ್ದು.

ಎಡಗೈ ಹೋಯಿತು ಬಲಗೈ ಹೋಯಿತು
ನಿಶಾನಿ ನೆಲಕ ಬಿಡಲಿಲ್ಲೋ

ಹೆಂಗಸರು ದಾರಿಯುದ್ದಕ್ಕೂ ನಿಂತು ಹರಕೆಯ ಸಕ್ಕರೆ ಓದಿಸುತ್ತಿದ್ದರು, ಕೋಲಿಗೆ ಗಂಧ ಹಚ್ಚುತ್ತಿದ್ದರು. ಗಂಧ ಬೆವರಿಗೆ ಸೇರಿ ಅಂಗೈ ಜಾರತೊಡಗಿತು. ಸುತ್ತಿದ ಬಟ್ಟೆಯೂ ಸಡಿಲವಾಯಿತು. ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು. ಒರೆಸಿಕೊಳ್ಳಲು, ಒಂದೇ ಒಂದು ಉಸಿರಿನಷ್ಟು ಹೊತ್ತು, ಅವನು ಬಲಗೈ ತೆಗೆದು ಎಡಗೈಗೆ ಬದಲಿಸಿದ. ಪಂಜಾ ವಾಲಿತು. ಅದು ನೆಲಕ್ಕೆ ಬಿದ್ದ ಸದ್ದು ದೊಡ್ಡದೇನೂ ಆಗಿರಲಿಲ್ಲ. ಅಡಿಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ. ಹಲಗೆ ನಿಂತಿತು. ಎಲ್ಲರಿಗಿಂತ ಮೊದಲು ಬಗ್ಗಿದವನು ಸುಂಕಪ್ಪ. ಎತ್ತಿ, ತನ್ನ ಧೋತರದ ಸೆರಗಿನಿಂದ ಆ ಬೆಳ್ಳಿಯ ಬೆರಳುಗಳ ಧೂಳು ಒರೆಸಿ, ಅಪ್ಪನ ಕೈಗೆ ಕೊಟ್ಟ. ಹಿಂದಿನಿಂದ ಯಾರೋ, ಮುಟ್ಟಿದವರ್ಯಾರು ನೋಡಿರೇನು ಎಂದದ್ದು ಕೇಳಿಸಿತು. ಅಪ್ಪ ತಿರುಗಿ ನೋಡಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ನಡೆದ. ಮಗನಿಗೆ ಏನೂ ಅನ್ನಲಿಲ್ಲ. ಆ ಸಂಜೆ ಮಸೀದಿಯ ಕಟ್ಟೆಯ ಮೇಲೆ ಅಪ್ಪ ಅದೇ ಪದವನ್ನು ಮತ್ತೆ ಎತ್ತಿಕೊಂಡಾಗ ದಾದಾಪೀರ್ ಹಿಂದಿನ ಗೋಡೆಗೆ ಒರಗಿ ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಮೂರು ತಿಂಗಳಿಗೆ ಅಪ್ಪನಿಗೆ ಲಕ್ವ ಹೊಡೆಯಿತು: ಬಲಭಾಗ, ಬಲಗೈ, ಜೊತೆಗೆ ಮಾತು. ವರ್ಷದ ಕೊನೆಗೆ ತೀರಿಕೊಂಡ. ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ಆ ಬಲಗೈ ಮುಷ್ಟಿಯಾಗಿಯೇ ಇತ್ತು. ಬಿಸಿನೀರು ಹಾಕಿ ಹಾಕಿ ಒಂದೊಂದೇ ಬೆರಳು ಬಿಡಿಸು ಎಂದು ಹಿರಿಯರು ಮಗನಿಗೆ ಹೇಳಿದರು. ಅವನಿಂದ ಆಗಲಿಲ್ಲ. ಬೇರೆ ಯಾರೋ ಬಿಡಿಸಿದರು. ಆ ಪದದ ಮುಂದಿನ ಸಾಲು ಅವನಿಗೆ ಅಂದಿನಿಂದ ನೆನಪಿಲ್ಲ. ಎರಡು ಸಾಲಿಗೆ ಬಂದು ನಿಲ್ಲುತ್ತದೆ. ನಮಾಜಿಗೆ ನಿಂತಾಗ, ಚೆಂಡು ಎಣಿಸುವಾಗ, ಮಕ್ಕಳ ಕೈಗೆ ಪಟ್ಟಿ ಕಟ್ಟುವಾಗ. ನೆಲಕ ಬಿಡಲಿಲ್ಲೋ.

ಸಿರುಗುಪ್ಪದ ಆ ಅಕ್ಕಿ ಗಿರಣಿಯಲ್ಲಿ ತೌಡಿನ ಧೂಳು ಬಿಸಿಲನ್ನೇ ಹಳದಿ ಮಾಡಿತ್ತು. ಅಂಜನಾ ಲಾರಿಯ ಪಕ್ಕ ನಿಂತು ಭತ್ತ ನೋಡುತ್ತಿದ್ದಳು. ಹಮಾಲಿಯೊಬ್ಬ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಸುರಿದ ಕಾಳನ್ನು ಅವಳು ಎಡ ಅಂಗೈಯಲ್ಲಿ ಹಿಡಿದು, ಸುಮ್ಮನೆ ಅಲುಗಿಸಿ, ಮೂಗಿನ ಹತ್ತಿರ ತಂದು, ಹಸಿ ಎಷ್ಟಿದೆ ಎಂದು ಹೇಳುತ್ತಿದ್ದಳು. ಅವನನ್ನು ಕಂಡು ಗಾಬರಿಯಾಗಲಿಲ್ಲ. ನಿನ್ನೆ ಬಿಟ್ಟು ಇವತ್ತು ಬಂದವನಂತೆ, ಬರ್ರಿ ಸಾರ್ ಎಂದು ಒಳಗೆ ಕರೆದು ಕುರ್ಚಿ ಒರೆಸಿದಳು. ಮದುವೆಯಾದದ್ದು, ತೆಕ್ಕಲಕೋಟೆಯ ಗಂಡನ ಮನೆಯಿಂದ ದಿನಾ ಬಸ್ಸಿಗೆ ಬರುವುದು, ಎಲ್ಲ ಹೇಳಿದಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ್ದೂ ಎಡಗೈಯಲ್ಲೇ. ಅವನು ಆ ಬಲಗೈಯನ್ನು ಹುಡುಕುತ್ತಿದ್ದ. ಅದು ಮಡಿಲಲ್ಲಿ ಮಲಗಿತ್ತು, ಬೇರೆ ಯಾರದೋ ಕೂಸಿನಂತೆ.

ಏನು ಕೇಳಬೇಕೆಂದು ಬಂದಿದ್ದನೋ ಅದು ಬಾಯಿಗೆ ಬರಲಿಲ್ಲ. ಬದಲಿಗೆ, ಭತ್ತವನ್ನು ಅಷ್ಟು ಸಡಿಲ ಹಿಡಿದರೆ ಚೆಲ್ಲುವುದಿಲ್ಲವೇ ಎಂದು ಕೇಳಿದ. ಅವಳು ನಕ್ಕಳು. ನಾಲ್ಕು ಕಾಳು ಚೆಲ್ಲುತ್ತವೆ, ಆದರೆ ಬಿಗಿ ಹಿಡಿದರೆ ಕೈಯ ಬೆವರೇ ಕಾಳಿಗೆ ಅಂಟುತ್ತದೆ, ಹಸಿ ಯಾವುದು ಬೆವರು ಯಾವುದು ತಿಳಿಯುವುದಿಲ್ಲ, ಇದನ್ನು ಕಲಿಯಲು ತನಗೆ ಒಂದು ವರ್ಷ ಹಿಡಿಯಿತು ಎಂದಳು. ಕಂಕುಳಲ್ಲಿದ್ದ ರಾಕೆಟ್ಟಿನ ಮೇಲೆ ಅವಳ ಕಣ್ಣು ಬಿತ್ತು. ಕೇಳಿ ಇಸಿದುಕೊಂಡಳು. ಎಡಗೈಯಲ್ಲಿ ಅದರ ಕೊರಳನ್ನು ಆನಿಸಿ, ಬಲ ಅಂಗೈಯನ್ನು ಹಿಡಿಕೆಯ ಮೇಲೆ ಸುಮ್ಮನೆ ಇಟ್ಟು, ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಮತ್ತೆ ಮೂರಕ್ಕೆ, ಮುಖದಿಂದ ಮುಖಕ್ಕೆ ಮೆಲ್ಲನೆ ಹೊರಳಿಸಿದಳು. ಒಂದು ಕಡೆ ಮಣಿಕಟ್ಟು ಕಟಕ್ ಎಂದಿತು. ಅಲ್ಲಿಗೆ ನಿಲ್ಲಿಸಿದಳು.

"ಇದು ಯಾರದ್ರಿ?"

ಗೌತಮಿ ಎಂಬ ಹುಡುಗಿಯದು, ಅವಳ ಕೈಗೂ ನೋವು ಬಂದಿದೆ, ಆಟ ಬಿಡುತ್ತಿದ್ದಾಳೆ ಎಂದ. ಅಂಜನಾ ಹಿಡಿಕೆಯ ಮೇಲೆ ಬೆವರಿನಿಂದ ಕಪ್ಪಾಗಿದ್ದ ಒಂದೇ ಒಂದು ಪಟ್ಟೆಯನ್ನು ಹೆಬ್ಬೆರಳಿನಿಂದ ಸವರಿದಳು. ಉಳಿದ ಮುಖಗಳು ಹೊಸದರಂತೆಯೇ ಇದ್ದವು.

"ಸಾರ್, ನೀವು ಹಿಡಿ ಅಂದ್ರಿ, ಹಿಡಿದ್ವಿ. ಬಿಡು ಅಂತ ಯಾವಾಗ ಹೇಳಿದ್ರಿ?"

ಆರೋಪದ ದನಿಯಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದಳು. ಪಾಠದ ಉಳಿದರ್ಧ ಹೇಳಿಕೊಟ್ಟ ದಿನ ತಾನು ಗೈರುಹಾಜರಿದ್ದೆನೋ ಎಂಬಂತೆ. ಅವನು ಚಹಾ ಲೋಟ ಕೆಳಗಿಡಲು ಮರೆತು ಹಿಡಿದೇ ಕೂತಿದ್ದ. ನಿನ್ನ ಶ್ರದ್ಧೆ ಸಾಲದು ಅಂದಿದ್ದೆ, ಅದು ಸುಳ್ಳು ಎಂದ. ಅವಳು ತಲೆ ತಗ್ಗಿಸಿ, ಆ ಮಾತು ಬೇಡ ಸಾರ್ ಎಂದಳು. ಹೊರಗೆ ಇನ್ನೊಂದು ಲಾರಿ ಹಾರನ್ ಹೊಡೆಯಿತು. ಎದ್ದು ಹೋಗುವಾಗ, ಆ ಹುಡುಗಿಗೆ ತಪ್ಪು ಅವಳದಲ್ಲ ಎಂದು ಇವತ್ತೇ ಹೇಳಿಬಿಡಿ, ತನಗೆ ಅದು ತಿಳಿಯಲು ಬೇರೆ ಊರಿನ ಡಾಕ್ಟರು ಬೇಕಾದರು, ಅಷ್ಟರಲ್ಲಿ ನಾಲ್ಕು ವರ್ಷ ಹೋಗಿತ್ತು ಎಂದಳು.

ವಾಪಸು ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ತೊಡೆಯ ಮೇಲೆ ಅಂಗೈ ಬಿಚ್ಚಿಟ್ಟು ನೋಡಿದ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಮುಚ್ಚಿಕೊಂಡಿತು. ಮತ್ತೆ ಬಿಚ್ಚಿದ. ಕುರುಗೋಡಿನ ರಸ್ತೆ ಬಂದಾಗ ಇಳಿದುಬಿಡಬೇಕು ಎನ್ನಿಸಿತು: ಮಸೀದಿಯ ಕಟ್ಟೆಗೆ ಹೋಗಿ ಕೂತು ಅಪ್ಪನನ್ನು ಕೇಳಬೇಕು. ಏನು ಕೇಳುವುದು? ಇಪ್ಪತ್ತೈದು ವರ್ಷ ನಿನ್ನ ಮಾತನ್ನು ನಾನು ಯಾರ ಕೈಗೆ ಕಟ್ಟಿದೆ ನೋಡು ಎಂದೇ? ಹೊಳೆ ಮುಟ್ಟುವ ತನಕ ಎಂದಿದ್ದ ಅಪ್ಪ. ತನಕ ಎಂದಿದ್ದ. ಆ ಮಕ್ಕಳಿಗೆ ಹೊಳೆಯೇ ಇರಲಿಲ್ಲ. ಬಸ್ಸು ನಿಲ್ಲಲಿಲ್ಲ, ಅವನೂ ನಿಲ್ಲಿಸೆನ್ನಲಿಲ್ಲ. ಫೋನ್ ತೆಗೆದು ಭೀಮರಾಜನಿಗೆ, ರಾಕೆಟ್ ಇಲ್ಲೇ ಉಳಿದಿದೆ, ಸಂಜೆ ಮಗಳನ್ನು ಕರೆದುಕೊಂಡು ಕೋರ್ಟಿಗೆ ಬರಬೇಕು, ದೊಡ್ಡ ಮನಸ್ಸು ಮಾಡಿ ಎಂದು ಹೇಳಿದ. ಆ ಕಡೆಯಿಂದ ಆಗಲಿ ಎಂಬ ಒಂದೇ ಮಾತು ಬಂತು. ಆ ಮಾತನ್ನೂ ಅವನು ಓದಲು ನೋಡಿದ.

ಐದೂವರೆಗೆ ಬಂದರು. ಬಿಸಿಲು ಆಗ ಪಡುವಣದ ಗುಡ್ಡದ ಮೇಲಿತ್ತು. ಬೆಳಗಿನ ನೆರಳುಗಳು ದಿಕ್ಕು ಬದಲಿಸಿದ್ದವು. ಆಡುತ್ತಿದ್ದ ಮಕ್ಕಳನ್ನು ಅವನು ನಿಲ್ಲಿಸಲಿಲ್ಲ, ಕಳಿಸಲೂ ಇಲ್ಲ. ಅವರೆಲ್ಲ ನೋಡುತ್ತಿದ್ದಾರೆ ಎನ್ನುವುದು ಬೆನ್ನಿಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಚೆಲ್ಲಿಹೋಗಿ, ಉಳಿದದ್ದಷ್ಟನ್ನೇ ಹೇಳಿದ.

"ಭೀಮರಾಜ್ರ, ನೀರಿನ ಕ್ಯಾನ್ ಅಲ್ಲ. ನಾ ಹಿಡಿಸಿದ್ದೇ ತಪ್ಪು ಹಿಡಿತ. ಗೊತ್ತಿದ್ದೂ ಬದಲು ಮಾಡಲಿಲ್ಲ. ನಿಮ್ಮ ಮಗಳ ಕೈಯಾಗ ಏನೂ ದೋಷ ಇಲ್ಲ."

ಭೀಮರಾಜನ ಅರ್ಧ ನಗೆ ಹೋಯಿತು. ಅದು ಹೋದ ಮೇಲೆ ಅಲ್ಲಿ ಒಬ್ಬ ದಣಿದ ತಂದೆಯ ಮುಖವಷ್ಟೇ ಇತ್ತು, ಓದಲು ಮತ್ತೇನೂ ಇರಲಿಲ್ಲ. ಗೊತ್ತಿದ್ದೂ ಯಾಕೆ ಎಂದು ಅವನು ಕೇಳಿದ. ಈ ಸಲ ದನಿ ಸ್ವಲ್ಪ ಏರಿತ್ತು. ಅದರ ಕಾರಣ ನಿಮ್ಮ ತಂದೆಗೆ ಗೊತ್ತಿತ್ತು; ನಾನು ಕುರುಗೋಡಿನ ಉಸ್ಮಾನಸಾಬನ ಮಗ ಎಂದು ದಾದಾಪೀರ್ ಹೇಳಿದ. ಭೀಮರಾಜ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡ. ಪದ ಹೇಳುತ್ತಿದ್ದ ಉಸ್ಮಾನಸಾಬರೇ, ತನ್ನ ಅಪ್ಪ ಹಲಗೆ ಬಿಸಿ ಮಾಡುವಾಗಲೆಲ್ಲ ಅವರ ಪದ ಗುನುಗುತ್ತಿದ್ದ ಎಂದ. ಬೇರೆ ಏನಾದರೂ ಹೇಳುತ್ತಿದ್ದನೇ ಎಂದು ದಾದಾಪೀರ್ ಕೇಳಿದ. ಇಲ್ಲ, ಬೇರೆ ಏನಿತ್ತು ಎಂದ ಭೀಮರಾಜ. ಸುಂಕಪ್ಪ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನೋ ಆಗಿದೆ ಎಂದು ಅವನಿಗೆ ಅನ್ನಿಸಿಯೇ ಇರಲಿಲ್ಲವೇನೋ.

ಗೌತಮಿ ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡು ನಿಂತಿದ್ದಳು. ಅವನ ಕೈಯಲ್ಲಿ ಅವಳ ರಾಕೆಟ್ ಇತ್ತು. ಮೂರನೆಯ ಮುಖದ ಮೇಲೆ, ಕಿರುಬೆರಳು ಕಚ್ಚಿಕೊಂಡು, ಹೆಬ್ಬೆರಳು ಮುಚ್ಚಿಕೊಂಡು. ಅದನ್ನು ಅವಳ ಕಡೆ ಚಾಚಿ ನಿಂತ.

"ಎಳಿ."

ಅವಳಿಗೆ ಅರ್ಥವಾಯಿತು. ಹಿಂದೆ ನಿಂತ ಮಕ್ಕಳಿಗೂ ಅರ್ಥವಾಯಿತು. ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಅವಳು ಎಡಗೈಯಿಂದ ರಾಕೆಟ್ಟಿನ ಕೊರಳು ಹಿಡಿದು ಹಗುರಾಗಿ ಎಳೆದಳು. ಬರಲಿಲ್ಲ. ಬಿಡಬೇಕು ಎಂದುಕೊಂಡ. ಅಂಗೈಯಲ್ಲಿ ಗಂಧದ ತಂಪು ಏರಿತು, ಕಣ್ಣಿಗೆ ಬೆವರು ಇಳಿಯಿತು. ಬಿಸಿನೀರು, ಒಂದೊಂದೇ ಬೆರಳು, ಅವನಿಂದ ಆಗಲಿಲ್ಲ. ಹುಡುಗಿ ಇನ್ನೊಮ್ಮೆ ಎಳೆಯಲಿಲ್ಲ. ರಾಕೆಟ್ ಬಿಟ್ಟು, ಪಟ್ಟಿ ಕಟ್ಟಿದ ಕೈಯನ್ನೇ ತಂದು, ತುದಿ ಚಪ್ಪಟೆಯಾದ ಉದ್ದ ಬೆರಳುಗಳಿಂದ ಅವನ ಕಿರುಬೆರಳನ್ನು ಮೆಲ್ಲನೆ ಎತ್ತಿದಳು. ಆಮೇಲೆ ಉಂಗುರದ ಬೆರಳು. "ಸಾರ್, ಉಸಿರು ಬಿಡ್ರಿ" ಎಂದಳು.

ರಾಕೆಟ್ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಅವನು ಕಣ್ಣು ಮುಚ್ಚಿದ. ಹಲಗೆ ನಿಲ್ಲುವುದನ್ನು, ಹಿಂದಿನಿಂದ ಬರುವ ಆ ಮಾತನ್ನು ಕಾದ. ಪಕ್ಕದ ಕೋರ್ಟಿನಲ್ಲಿ ಚೆಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತ ಬರುತ್ತ ಇತ್ತು. ಕಣ್ಣು ತೆರೆದಾಗ ಗೌತಮಿ ಆಗಲೇ ಬಗ್ಗಿ ರಾಕೆಟ್ ಎತ್ತಿಕೊಂಡಿದ್ದಳು. ದುಪಟ್ಟಾದ ತುದಿಯಿಂದ ಹಿಡಿಕೆಗೆ ಹತ್ತಿದ ಕೆಂಪು ಮಣ್ಣು ಒರೆಸುತ್ತಿದ್ದಳು, ಯಾವುದೇ ವಸ್ತುವಿನ ಮಣ್ಣನ್ನು ಒರೆಸುವ ಹಾಗೆ. ಅವನ ಕೈ ಇನ್ನೂ ಗಾಳಿಯಲ್ಲಿ ಚಾಚಿತ್ತು, ಐದೂ ಬೆರಳು ಬಿಚ್ಚಿಕೊಂಡು, ಖಾಲಿ. ಮತ್ತು ಆ ಖಾಲಿಯೊಳಗೆ, ಕಿವಿಗೆ ತುರುಕಿಕೊಂಡ ಬೆರಳುಗಳ ಆಚೆಯಿಂದ, ಜ್ವರದಲ್ಲೂ ನಡುಗದ ದನಿಯಲ್ಲಿ, ಆ ಸಂಜೆ ಅಪ್ಪ ಯಾರಿಗಾಗಿ ಹಾಡಿದ್ದನೋ ಅವನಿಗೆ ಮೂವತ್ತು ವರ್ಷದ ನಂತರ ಮುಂದಿನ ಸಾಲು ಬಂದು ಮುಟ್ಟಿತು.

ತಾನು ಬಿದ್ದ ಮ್ಯಾಲ ನಿಶಾನಿ ಬಿತ್ತು
ಎತ್ತಿದ ಕೈಯ ಕುಲ ಕೇಳಲಿಲ್ಲೋ